ಮೂರು ಕೆರೆ, ಎರಡು ಕಂಡಿ, ಒಂದು ಐಸ್ ಪೆಟ್ಟಿಗೆ

ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ತಿಳಿಯಬೇಕಾದ ಸಂಗತಿಯೆಂದರೆ ದನ ಒದೆಯುತ್ತದೆ. ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅಲ್ಲಿ ಗೋಡೆಗೆ ನೇತುಹಾಕಿದ ಚಿತ್ರದಲ್ಲಿ ಹಸು ಒಂದು ಪಕ್ಕಕ್ಕೆ ತಿರುಗಿ, ಸ್ಟುಡಿಯೋದಲ್ಲಿ ಫೋಟೋಗೆ ನಿಂತ ಮದುಮಗಳ ಹಾಗೆ ಸುಮ್ಮನೆ ನಿಂತಿರುತ್ತದೆ. ನಾನು ಮೂವತ್ತು ವರ್ಷ ಸೂಜಿ ಹಿಡಿದು ಓಡಾಡಿದೆ. ಹಾಗೆ ನಿಂತ ಹಸುವನ್ನು ನೋಡಿದ್ದು ಎರಡೇ ಸಲ. ಒಂದಕ್ಕೆ ಕಣ್ಣು ಕಾಣುತ್ತಿರಲಿಲ್ಲ. ಇನ್ನೊಂದು ಆಮೇಲೆ ಒದೆಯಿತು.

ನನ್ನದು ಯಳಂದೂರು. ಪಶುವೈದ್ಯಕೀಯ ಪರೀಕ್ಷಕನಾಗಿ ಸೇರಿ, ಕೊಳ್ಳೇಗಾಲದ ಸುತ್ತಮುತ್ತ ಕೆಲವು ವರ್ಷ ಸವೆಸಿ, ಕಡೆಯ ಹನ್ನೊಂದು ವರ್ಷ ಹನೂರಿನಾಚೆ ಕಾಡಂಚಿನ ಒಂದು ಪಶು ಆಸ್ಪತ್ರೆಯಲ್ಲಿ ಕಳೆದೆ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಮುಂದಿನದನ್ನು ಓದಿದರೆ ಕಾರಣ ತಿಳಿಯುತ್ತದೆ. ನಡುವೆ ಬಡ್ತಿಯೂ ಬಂತು; ಹುದ್ದೆಯ ಹೆಸರಿಗೆ ಒಂದು ಪದ ಅಂಟಿಕೊಂಡಿತು, ದನಗಳಿಗೆ ಅದು ಗೊತ್ತಾಗಲಿಲ್ಲ. ಜನ ಮೊದಲ ದಿನದಿಂದಲೇ ನನ್ನನ್ನು ‘ಡಾಕ್ಟ್ರೇ’ ಎಂದು ಕರೆದರು. ನಾನು ತಿದ್ದಲಿಲ್ಲ. ನಿಜವಾದ ಡಾಕ್ಟರು ಪಕ್ಕದಲ್ಲಿದ್ದಾಗ ಮಾತ್ರ ಸಣ್ಣಗೆ ಕೆಮ್ಮುತ್ತಿದ್ದೆ.

ಆ ಆಸ್ಪತ್ರೆಯಲ್ಲಿ ನನ್ನ ಜೊತೆಗಿದ್ದವನು ರಾಚಯ್ಯ, ನನಗಿಂತ ಎರಡು ವರ್ಷ ದೊಡ್ಡವನಾದ ಅಟೆಂಡರ್. ಲಸಿಕೆಯ ಪೆಟ್ಟಿಗೆ ಹೊರುವುದು, ದನದ ಕುತ್ತಿಗೆ ಹಿಡಿಯುವುದು, ಆನೆ ಬಂತು ಎಂದು ದಿನಕ್ಕೆ ನಾಲ್ಕು ಸಲ ಹೆದರುವುದು ಅವನ ಕೆಲಸ. ನಮ್ಮ ಪರಿಚಯದ ಮೊದಲ ವಾರದಲ್ಲೇ, ಒಂದು ಹಸುವಿನ ಕುತ್ತಿಗೆಯ ಚರ್ಮ ಮಡಿಸಿ ಚುಚ್ಚಲು ಹೋಗಿ ಅದು ತಲೆ ಕೊಡವಿದ್ದಕ್ಕೆ ಸೂಜಿಯನ್ನು ರಾಚಯ್ಯನ ಹೆಬ್ಬೆರಳಿಗೆ ಇಳಿಸಿಬಿಟ್ಟೆ. ಕೈ ತೊಳೆಸಿ, ಮನುಷ್ಯರ ಆಸ್ಪತ್ರೆಗೆ ಕರೆದೊಯ್ದು ತೋರಿಸಿದ್ದಾಯಿತು. ಹೆಬ್ಬೆರಳು ಊದಿ ಇಳಿಯಿತು. ಅಂದಿನಿಂದ ಅವನು ಟೀ ಅಂಗಡಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದ: “ಈ ಸೀಮೇಲಿ ಕಾಲುಬಾಯಿ ಜ್ವರ ಬರ್ದೇ ಇರೋ ಮನ್ಸ ಅಂದ್ರ ನಾನೊಬ್ನೇ ಕಣ್ರಲಾ.”

ಕಾಲುಬಾಯಿ ಜ್ವರವೇ ನಮ್ಮ ದೊಡ್ಡ ಶತ್ರು. ಬಾಯಿ, ಗೊರಸಿನ ಸಂದು ಹುಣ್ಣಾಗಿ, ದನಗಳು ಜೊಲ್ಲು ಸುರಿಸುತ್ತಾ ಮೇವು ಬಿಡುತ್ತವೆ. ದೊಡ್ಡವು ಬದುಕಿದರೂ ಕರುಗಳು ನಿಂತಲ್ಲೇ ಬಿದ್ದು ಸಾಯುತ್ತವೆ. ಲಸಿಕೆ ಇದೆ, ಆದರೆ ಅದು ಸದಾ ತಣ್ಣಗಿರಬೇಕು. ನಾನು ಸೇರಿದಾಗ ಸೋಡಾ ಅಂಗಡಿಯಿಂದ ಐಸ್ ಗಡ್ಡೆ ತಂದು ಮರದ ಹೊಟ್ಟಿನಲ್ಲಿ ಹುದುಗಿಸಿ ಒಯ್ಯುತ್ತಿದ್ದೆವು, ಮಧ್ಯಾಹ್ನಕ್ಕೆಲ್ಲ ನೀರು. ಆಮೇಲೆ ದಪ್ಪ ಗೋಡೆಯ ನೀಲಿ ಪೆಟ್ಟಿಗೆ ಬಂತು, ಒಳಗಿಡುವ ಐಸ್ ಪ್ಯಾಕ್‌ಗಳು ಬಂದವು. ಎರಡು ದಿನ ಮುಚ್ಚಳ ತೆಗೆದು ಹಾಕಿ ಮಾಡಿದರೂ ತಂಪು ಉಳಿಯಿತು. ನನ್ನ ಇಡೀ ವೃತ್ತಿಯಲ್ಲಿ ಸರ್ಕಾರ ನನಗೆ ಕೊಟ್ಟ ನಿಜವಾಗಿ ಉಪಯುಕ್ತವಾದ ವಸ್ತು ಆ ಪೆಟ್ಟಿಗೆ ಒಂದೇ. ಅದರ ಭಾರ ಹೊತ್ತ ರಾಚಯ್ಯನ ಅಭಿಪ್ರಾಯ ಬೇರೆ ಇತ್ತು.

ಈಗ ಕಥೆಗೆ ಬರುತ್ತೇನೆ. ನಮ್ಮ ಆಸ್ಪತ್ರೆಯ ಹಿಂದಿನ ಗುಡ್ಡಸಾಲಿನಲ್ಲಿ ಮೂರು ಕೆರೆಗಳಿವೆ: ಎಮ್ಮೆಕೆರೆ, ಜೋಡಿಬಂಡೆ ಕೆರೆ, ಮೇಲ್ಕೆರೆ. ಕೆರೆ ಎಂದರೆ ದೊಡ್ಡದೇನಲ್ಲ, ಗುಡ್ಡಗಳ ನಡುವೆ ಬಟ್ಟಲಿನಂಥ ತಗ್ಗಿನಲ್ಲಿ ನಿಂತ ನೀರು. ಪ್ರತಿಯೊಂದರ ದಡದಲ್ಲೂ ಒಂದೊಂದು ದೊಡ್ಡಿ. ಮುಳ್ಳಿನ ಬೇಲಿ ಹಾಕಿ ದನ ಕೂಡಿ, ಪಕ್ಕದಲ್ಲಿ ಗುಡಿಸಲು ಕಟ್ಟಿಕೊಂಡು ಕಾಯುವವರು ವರ್ಷದ ಬಹುಭಾಗ ಅಲ್ಲೇ ಇರುತ್ತಾರೆ. ಮೂರೂ ಕೆರೆಗಳಿಗೆ ಮೂರು ಬೇರೆ ಊರುಗಳಿಂದ ಮೂರು ಬೇರೆ ದಾರಿ. ಎಮ್ಮೆಕೆರೆಗೆ ರಾಮಾಪುರದ ಕಡೆಯಿಂದ ಹತ್ತಬೇಕು. ಜೋಡಿಬಂಡೆಗೆ ಗುಡ್ಡ ಬಳಸಿ ಬೇರೊಂದು ಹಳ್ಳಿಗೆ ಹೋಗಿ ಹತ್ತಬೇಕು. ಮೇಲ್ಕೆರೆಗೆ ಮಾರ್ಟಳ್ಳಿಯ ಕಡೆಯಿಂದ, ಮಳೆಗೆ ಅರ್ಧ ಕೊಚ್ಚಿಹೋದ ಗಾಡಿಜಾಡಿನಲ್ಲಿ ಅರ್ಧ ದಿನ ನಡೆಯಬೇಕು. ಒಂದು ಕೆರೆಯಿಂದ ಇನ್ನೊಂದಕ್ಕೆ ದಾರಿಯಿಲ್ಲ ಎಂದೇ ಎಲ್ಲರೂ ಹೇಳುತ್ತಿದ್ದರು.

ಇಲ್ಲಿ ಒಂದು ತಪ್ಪೊಪ್ಪಿಗೆ. ಮೇಲ್ಕೆರೆಯ ದನಗಳಿಗೆ ನಾನು ಮೂರು ಸುತ್ತು ಲಸಿಕೆ ಹಾಕಿದ್ದು ಆಸ್ಪತ್ರೆಯ ಜಗಲಿಯ ಮೇಲೆ ಕೂತು, ಪೆನ್ನಿನಿಂದ. ನನಗಿಂತ ಮೊದಲಿದ್ದವರೂ ಹಾಗೇ ಹಾಕಿದ್ದರು, ಅವರ ಅಕ್ಷರ ನನ್ನದಕ್ಕಿಂತ ದುಂಡಗಿತ್ತು. ಜೀಪು ಕೆಟ್ಟಿತ್ತು, ದಾರಿ ಕೊಚ್ಚಿಹೋಗಿತ್ತು, ಐಸ್ ಸಾಲದು. ಕಾರಣಗಳಿಗೆ ನಮ್ಮಲ್ಲಿ ಎಂದೂ ಬರ ಬಂದದ್ದಿಲ್ಲ.

ಒಂದು ಬೇಸಿಗೆಯಲ್ಲಿ ಮೇಲ್ಕೆರೆಯ ಮಾದಯ್ಯ ಆಸ್ಪತ್ರೆಗೆ ಇಳಿದು ಬಂದ. ಒಣಕಲು ಮೈ, ಐವತ್ತು ದಾಟಿದ ಮನುಷ್ಯ, ಹೆಗಲ ಮೇಲೊಂದು ಕಂಬಳಿ. ದನಗಳೆಲ್ಲ ಜೊಲ್ಲು ಸುರಿಸುತ್ತಿವೆ, ಒಂಬತ್ತು ಕರು ಸತ್ತವು ಎಂದ. ಆಗಷ್ಟೇ ನಮಗೆ ಹೊಸ ಡಾಕ್ಟರು ಬಂದಿದ್ದರು. ಅವರು ಈಗಲೂ ಸೇವೆಯಲ್ಲಿರುವುದರಿಂದ ಹೆಸರು ಬೇಡ. ಗೋಡೆಗೆ ನಕ್ಷೆ ಅಂಟಿಸದೆ ಕೂರುತ್ತಿರಲಿಲ್ಲವಾದ್ದರಿಂದ ಮ್ಯಾಪ್ ಡಾಕ್ಟರು ಎಂದೇ ಕರೆಯುತ್ತೇನೆ. ಅವರು ಲಸಿಕೆಯ ಪುಸ್ತಕ ತೆಗೆದು ಪುಟ ಹುಡುಕಿ, “ಅಲ್ಲಯ್ಯಾ, ನಿಮ್ಮ ದನಗಳಿಗೆ ಎಲ್ಲಾ ಸುತ್ತೂ ಹಾಕಿದೆಯಲ್ಲ” ಎಂದರು.

ಮಾದಯ್ಯನಿಗೆ ಓದು ಬರುತ್ತಿರಲಿಲ್ಲ. ಪುಸ್ತಕದ ಮೇಲೆ ಬಗ್ಗಿ ನೋಡಿದ.

“ಇದ್ರಾಗ ಹಾಕವ್ರಾ?” ಎಂದು ಕೇಳಿದ.

ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ. ಬೈಯಲಿಲ್ಲ. ಕೊಟ್ಟ ಔಷಧಿ ಕಂಬಳಿಯೊಳಗೆ ಸುತ್ತಿಕೊಂಡು ಹೊರಟುಹೋದ. ಬೈದಿದ್ದರೆ ಎದುರು ಮಾತಾಡುವುದು ನನಗೆ ಚೆನ್ನಾಗಿ ಬರುತ್ತಿತ್ತು. ಆ ದಿನ ಮಧ್ಯಾಹ್ನ ಬುತ್ತಿ ತೆರೆದವನು ಹಾಗೇ ಮುಚ್ಚಿಟ್ಟೆ.

ಮ್ಯಾಪ್ ಡಾಕ್ಟರಿಗೂ ಎಲ್ಲ ತಿಳಿಯಿತು. ಅಮಾನತು ಮಾಡಿಸುತ್ತಾರೆಂದು ಕಾದೆ. ಅವರು ಬಾಗಿಲು ಹಾಕಿಕೊಂಡು ಬರಲು ಹೇಳಿ, “ಸಿದ್ದರಾಜು, ಮುಂದಿನ ಸುತ್ತಿನಲ್ಲಿ ಮೂರೂ ದೊಡ್ಡಿ ಒಟ್ಟಿಗೆ ಆಗಬೇಕು. ಒಂದು ಬಿಟ್ಟರೂ ರೋಗ ಮೂರಕ್ಕೂ ತಿರುಗುತ್ತೆ. ಜೀಪು ರಿಪೇರಿ ಆಗೋದನ್ನ ಕಾಯೋ ಹಾಗಿಲ್ಲ. ಎಮ್ಮೆಕೆರೆಯಿಂದ ಹತ್ತಿ, ಗುಡ್ಡದ ಮೇಲಿಂದಲೇ ಜೋಡಿಬಂಡೆಗೆ ಹೋಗಿ, ಅಲ್ಲಿಂದ ಮೇಲ್ಕೆರೆಗೆ ಹೋಗಿ, ಮಾರ್ಟಳ್ಳಿ ಕಡೆ ಇಳಿದು ಬಸ್ಸು ಹಿಡಿದು ಬಂದುಬಿಡಿ. ಒಂದು ಸುತ್ತು. ಎರಡು ದಿನ, ಒಂದು ಪೆಟ್ಟಿಗೆ ಐಸ್” ಎಂದರು.

“ದಾರಿ ಇಲ್ಲ ಸಾರ್.”

“ನಾನು ತೋರಿಸ್ತೀನಿ” ಎಂದು ಫೋನಿನಲ್ಲಿ ಆಕಾಶದಿಂದ ತೆಗೆದ ಚಿತ್ರ ಬಿಡಿಸಿದರು. ಹಸಿರು ಹಸಿರಾದ ಗುಡ್ಡ, ನಡುವೆ ಮೂರು ನೀಲಿ ಚುಕ್ಕೆ. ಬೆರಳಿನಿಂದ ಚುಕ್ಕೆಗೆ ಚುಕ್ಕೆ ಸೇರಿಸಿ ಎರಡು ಕೆಂಪು ಗೆರೆ ಎಳೆದು ನನ್ನ ಫೋನಿಗೂ ಕಳಿಸಿದರು. ಗೆರೆ ಅಷ್ಟು ನೆಟ್ಟಗಿತ್ತು, ನೋಡಿದರೆ ನಡುವೆ ಟಾರು ಹಾಕುವುದೊಂದು ಬಾಕಿ ಇದೆ ಎನಿಸುತ್ತಿತ್ತು.

ಅರಣ್ಯದವರ ಅನುಮತಿ ಪತ್ರ ಪಡೆದು, ಮುಂದಿನ ಸುತ್ತಿನ ಮೊದಲ ದಿನವೇ ನಾನೂ ರಾಚಯ್ಯನೂ ಹೊರಟೆವು. ಎಮ್ಮೆಕೆರೆಯಲ್ಲಿ ಕೆಲಸ ಸಲೀಸಾಗಿ ಮುಗಿಯಿತು. ರಾಚಯ್ಯ ಎರಡು ಸಲ, ನಾನು ಒಂದು ಸಲ ಒದೆಸಿಕೊಂಡೆವು. ಹತ್ತು ಗಂಟೆಗೆ ಕೆಂಪು ಗೆರೆ ಹಿಡಿದೆವು. ನೂರು ಹೆಜ್ಜೆಗೆ ಲಂಟಾನ ಪೊದೆ ಬಂತು. ಮೇಲಿನಿಂದ ನೋಡಿದರೆ ಹಸಿರು, ಒಳಗೆ ಹೋದರೆ ಮುಳ್ಳಿನ ಗೋಡೆ. ಎಡಕ್ಕೆ ಬಳಸಿದೆವು. ಅಲ್ಲಿ ಬಂಡೆ. ಇನ್ನೂ ಎಡಕ್ಕೆ ಬಳಸಿದೆವು. ಎರಡು ಗುಡ್ಡ ಸೇರುವಲ್ಲಿನ ತಗ್ಗಿಗೆ ನಮ್ಮ ಕಡೆ ಕಂಡಿ ಎನ್ನುತ್ತಾರೆ. ಆಚೆಗೆ ದಾಟಲು ಗುಡ್ಡ ಕೊಡುವ ಬಾಗಿಲು ಅದು. ಎಲ್ಲಕ್ಕಿಂತ ತಗ್ಗಾಗಿ ಕಂಡ ಕಂಡಿಯೊಂದನ್ನು ಆರಿಸಿಕೊಂಡು ಹತ್ತಿದೆವು. ಮೇಲೆ ನಿಂತು ನೋಡಿದರೆ ಆಚೆ ಒಂದು ಹಳ್ಳ ಇಳಿಯುತ್ತಿತ್ತು.

“ಹಳ್ಳ ಹಿಡಿದು ಇಳಿದರೆ ಕೆರೆ ಸಿಕ್ಕೇ ಸಿಗುತ್ತದೆ” ಎಂದೆ. ಹೊಸಬರೇ, ಈ ಮಾತನ್ನು ನೆನಪಿಡಿ, ಮತ್ತು ಯಾರಾದರೂ ಹೀಗೆ ಹೇಳಿದರೆ ಅವರ ಹಿಂದೆ ಹೋಗಬೇಡಿ.

ಹಳ್ಳ ಮೊದಲು ಮರಳಾಗಿತ್ತು, ಆಮೇಲೆ ಕಲ್ಲಾಯಿತು, ಆಮೇಲೆ ಎರಡಾಳೆತ್ತರದ ಜಾರುಬಂಡೆಯಾಯಿತು. ಇಳಿಯುವುದು ಹೇಗೋ ಆಯಿತು, ಮತ್ತೆ ಹತ್ತುವುದು ಸಾಧ್ಯವಿರಲಿಲ್ಲ. ಪೆಟ್ಟಿಗೆಯನ್ನು ಹಗ್ಗ ಕಟ್ಟಿ ಇಳಿಸಿದಾಗ ಅದು ಬಂಡೆಗೆ ಬಡಿದು ಕೊಂಡಿ ಮುರಿದು ಮುಚ್ಚಳ ಸಡಿಲಾಯಿತು. ಪಂಚೆ ತಲೆಗೆ ಕಟ್ಟಿ ಚಡ್ಡಿಯಲ್ಲಿ ನಿಂತಿದ್ದ ರಾಚಯ್ಯ, “ಸಾ, ಕೆರೆ ಇನ್ನೂ ಕೆಳ್ಗ ಅದಾ, ಇಲ್ಲ ಪಾತಾಳದಲ್ಲೇ ಅದಾ?” ಎಂದ. ನಾನು ಫೋನು ನೋಡಿದೆ. ಸಿಗ್ನಲ್ ಇಲ್ಲದ ಫೋನಿನಲ್ಲಿ ನಮ್ಮನ್ನು ತೋರಿಸುವ ಚುಕ್ಕೆ ಎಮ್ಮೆಕೆರೆಯಲ್ಲೇ ನೀರು ಕುಡಿಯುತ್ತಾ ನಿಂತಿತ್ತು.

ಸಂಜೆ ಐದಕ್ಕೆ ಮರಗಳು ತೆಳುವಾಗಿ ಹೊಲ ಕಂಡಿತು. ಆಡು ಕಾಯುತ್ತಿದ್ದ ಮುದುಕನೊಬ್ಬ ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಎಂಗೆ ಪೋರೀಂಗ?” ಎಂದ.

“ಜೋಡಿಬಂಡೆ ಕೆರೆಗ ಕಣಣ್ಣ” ಎಂದ ರಾಚಯ್ಯ.

ಮುದುಕ ನಕ್ಕು, ಎರಡೂ ಭಾಷೆ ಬೆರೆಸಿ, “ಇದು ತಮಿಳ್ನಾಡಪ್ಪ” ಎಂದ.

ಕರ್ನಾಟಕ ಸರ್ಕಾರದ ಲಸಿಕೆ ಹೊತ್ತು ಇನ್ನೊಂದು ರಾಜ್ಯಕ್ಕೆ ಇಳಿದಿದ್ದೆವು. ಅಲ್ಲಿಯ ಟೀ ಅಂಗಡಿಯಲ್ಲಿ ಪೆಟ್ಟಿಗೆ ತೆರೆದು ಥರ್ಮಾಮೀಟರ್ ನೋಡಿದೆ. ಲಸಿಕೆ ಟೀಗಿಂತ ಸ್ವಲ್ಪ ತಣ್ಣಗಿತ್ತು, ಅಷ್ಟೆ. ಉಳಿದ ಬಾಟಲಿಗಳೆಲ್ಲ ಹಾಳು. ಎರಡು ಬಸ್ಸು ಬದಲಿಸಿ ಊರು ಸೇರಿದೆವು. ಮಾರನೆಯ ದಿನ ಮ್ಯಾಪ್ ಡಾಕ್ಟರು ಎಲ್ಲ ಕೇಳಿಸಿಕೊಂಡು, ಮೊದಲು ಕೇಳಿದ್ದು ಇದು: “ಕೇಂದ್ರಸ್ಥಾನ ಬಿಡೋದಕ್ಕೆ ಅನುಮತಿ ತಗೊಂಡಿದ್ರಾ?”

ಹೊಸ ಲಸಿಕೆ ಬರಲು ಒಂದು ವಾರ ಬೇಕಿತ್ತು. ಆ ನಡುವೆ ನಾನೊಬ್ಬನೇ, ಹಳೆಯ ದಾರಿಯಿಂದಲೇ ಜೋಡಿಬಂಡೆಗೆ ಹೋದೆ, ಅಲ್ಲಿಯವರನ್ನೇ ಕೇಳೋಣವೆಂದು. ಮೊದಲೇ ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಇಲಾಖೆಯಲ್ಲಿ ಮೂವತ್ತು ವರ್ಷ ಕಳೆದ ಮೇಲೆ ಅನ್ನಿ.

ಆ ದೊಡ್ಡಿಯ ಯಜಮಾನಿ ಚಿಕ್ಕತಾಯಮ್ಮ, ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಸೊಂಟದಲ್ಲಿ ಕುಡುಗೋಲು, ಬಾಯಲ್ಲಿ ಎಲೆಅಡಿಕೆ, ನಾಲಿಗೆಯಲ್ಲಿ ಇನ್ನೊಂದು ಕುಡುಗೋಲು. ನಾವು ತಮಿಳುನಾಡಿಗೆ ಹೋದ ಸುದ್ದಿ ನನಗಿಂತ ಮೊದಲೇ ಅವಳನ್ನು ಮುಟ್ಟಿತ್ತು.

“ಎಮ್ಮೆಕೆರೆಯಿಂದ ಇಲ್ಗ ಬರಕ್ಕ ಆಗ್ನಿಲ್ವಾ ಡಾಕ್ಟ್ರೇ? ನನ್ನ ಮುದಿ ಎಮ್ಮೆ ಕುಂಟ್ಕಂಡು ಓಗಿ ಬತ್ತದ.”

“ಎಲ್ಲಿಂದ ಬರ್ತದವ್ವಾ?”

“ಕಾಲಿಂದ.”

ನಕ್ಕು ಸುಸ್ತಾದ ಮೇಲೆ ಹೇಳಿಕೊಟ್ಟಳು. “ನೀವು ನೆಟ್ಟಗ ಅತ್ತಕ್ಕ ಓದ್ರಿ. ದನ ನೆಟ್ಟಗ ಅತ್ತದಾ? ಗುಡ್ಡದ ಸೊಂಟ ಇಡ್ಕಂಡು ಸುತ್ಬೇಕು. ಬಿಳೀ ಬಂಡೆ ಸಿಕ್ತದ, ಅದ ಎಡಕ್ಕ ಬುಡಿ. ತಗ್ಗಾಗಿ ಕಾಣೋ ಕಂಡಿ ಅದಲ್ಲ, ಅದು ತಮಿಳ್ನಾಡಿಂದು. ಅದ್ರಾಚೆದು, ವಸಿ ಮೇಲ್ಗಿರೋದು, ಅದ ಇಡೀರಿ. ಎಮ್ಮೆ ಸಗಣಿ ಕಂಡ್ರ ನಮ್ ದಾರಿ ಅಂತ ತಿಳ್ಕಳಿ. ನೆಲ ನೋಡ್ಕಂಡು ನಡೀರಿ, ಆ ಫೋನ್ ಮಡಗಿ.”

“ಸರಿ. ಇಲ್ಲಿಂದ ಮೇಲ್ಕೆರೆಗೆ?”

ಅವಳ ನಗು ನಿಂತಿತು. ಎಲೆಅಡಿಕೆ ಉಗುಳಿ ಬಂದು, “ಅತ್ತಗ ದಾರಿ ಇಲ್ಲ” ಎಂದಳು.

“ಮೊದಲಿತ್ತೇ?”

“ಇಲ್ಲ ಅಂದ್ನಲ್ಲ.”

ಕಾರಣ ಆಸ್ಪತ್ರೆಗೆ ಬಂದ ಮೇಲೆ ರಾಚಯ್ಯನಿಂದ ತಿಳಿಯಿತು. ಮೇಲ್ಕೆರೆಯ ಮಾದಯ್ಯ ಚಿಕ್ಕತಾಯಮ್ಮನ ಸ್ವಂತ ತಮ್ಮ. ಹನ್ನೆರಡು ವರ್ಷದ ಹಿಂದೆ ಅವಳ ಹಸುವಿಗೆ ಅವನ ಹೋರಿಯಿಂದ ಕರುವಾಯಿತು. ಹಸು ನನ್ನದು, ಕರು ನನ್ನದು ಎಂದಳು ಅಕ್ಕ. ಹಸು ಆರು ತಿಂಗಳು ಮೇದದ್ದು ನನ್ನ ದೊಡ್ಡಿಯಲ್ಲಿ, ಕರು ನನ್ನದು ಎಂದ ತಮ್ಮ. ಮಾತು ನಿಂತಿತು. ಅವಳು ಅತ್ತ ದನ ಬಿಡುವುದನ್ನು ನಿಲ್ಲಿಸಿದಳು, ಅವನು ಇತ್ತ ಬಿಡುವುದನ್ನು ನಿಲ್ಲಿಸಿದ. ದನ ತುಳಿಯದ ದಾರಿಯನ್ನು ಎರಡು ಮಳೆಗಾಲದಲ್ಲಿ ಲಂಟಾನ ನುಂಗಿಬಿಟ್ಟಿತು. ಆಕಾಶದಿಂದ ತೆಗೆದ ಚಿತ್ರದಲ್ಲಿ ಇದೆಲ್ಲ ಕಾಣುವುದಿಲ್ಲ.

ಲಸಿಕೆ ಬರುವ ಹೊತ್ತಿಗೆ ಇನ್ನೊಂದು ಸುದ್ದಿಯೂ ಬಂತು. ತಮಿಳುನಾಡಿನ ಕಡೆಯ ಕಣಿವೆಯಲ್ಲಿ ದನಗಳು ಜೊಲ್ಲು ಸುರಿಸುತ್ತಿವೆ. ಅಲ್ಲಿಂದ ಮೇಲ್ಕೆರೆ ಒಂದೇ ಗುಡ್ಡದಾಚೆ.

ಈ ಸಲ ಪೆಟ್ಟಿಗೆಗೆ ಹೊಸ ಕೊಂಡಿ ಹಾಕಿಸಿ, ಕೆಂಪು ಗೆರೆ ಬಿಟ್ಟು ಸಗಣಿ ಹಿಡಿದೆವು. ಎಮ್ಮೆಕೆರೆಯಲ್ಲಿ ಈಚೆಗೆ ಹುಟ್ಟಿದ ಕರುಗಳನ್ನಷ್ಟೇ ನೋಡಿಕೊಂಡು, ಗುಡ್ಡದ ಸೊಂಟ ಬಳಸಿ, ಬಿಳಿ ಬಂಡೆ ಎಡಕ್ಕೆ ಬಿಟ್ಟು, ಮೇಲಿನ ಕಂಡಿ ದಾಟಿ ಮಧ್ಯಾಹ್ನ ಮೂರಕ್ಕೆ ಜೋಡಿಬಂಡೆ ಸೇರಿದೆವು. ದಾರಿ ಕೆಂಪು ಗೆರೆಗಿಂತ ಎರಡು ಪಟ್ಟು ಉದ್ದ, ಆದರೆ ಎಲ್ಲೂ ಕೈ ಊರಿ ಹತ್ತಬೇಕಾಗಲಿಲ್ಲ. ಅಲ್ಲಿಯ ದನಗಳಿಗೆ ಸೂಜಿ ಹಾಕಿ ಮುಗಿಸಿ ಅಲ್ಲೇ ಉಳಿದೆವು. ಬೆಳಿಗ್ಗೆ ರಾಗಿ ಅಂಬಲಿ ಕುಡಿಯುವಾಗ ಮತ್ತೆ ಕೇಳಿದೆ.

“ಮೇಲ್ಕೆರೆ ದಾರಿ ತೋರಿಸವ್ವಾ.”

“ಮಾರ್ಟಳ್ಳಿ ಕಡೆಯಿಂದ ಓಗಿ.”

“ಅಷ್ಟು ಹೊತ್ತಿಗೆ ಲಸಿಕೆ ಉಳಿಯೋದಿಲ್ಲ. ರೋಗ ಗುಡ್ಡದಾಚೆ ಬಂದು ಕೂತಿದೆ.”

ಅವಳು ನನ್ನ ಲೋಟಕ್ಕೆ ಇನ್ನಷ್ಟು ಅಂಬಲಿ ಸುರಿದಳು. ಆಗ ನಾನು ಯಾರಿಗೂ ಬಾಯಿಬಿಟ್ಟು ಹೇಳದಿದ್ದುದನ್ನು ಹೇಳಿಬಿಟ್ಟೆ. “ಹೋದ ಸಲ ಅವನ ಕರುಗಳು ಸತ್ತದ್ದು ನನ್ನಿಂದ. ಹೋಗದೇ ಹೋಗಿದ್ದೆ ಅಂತ ಬರೆದಿದ್ದೆ.”

ರಾಚಯ್ಯ ಅಂಬಲಿ ಕುಡಿಯುವುದನ್ನು ನಿಲ್ಲಿಸಿದ.

“ಒಂಬತ್ತು ಕರು ಓದೊ ಅಂತ ನನ್ಗೂ ಕೇಳ್ತು” ಎಂದಳು. “ನಾನೂ ಓಗಿ ನೋಡ್ನಿಲ್ಲ.” ಆಮೇಲೆ ಎದ್ದು ಸೊಂಟದ ಕುಡುಗೋಲು ಬಿಟ್ಟು ಒಳಗಿನಿಂದ ದೊಡ್ಡ ಮಚ್ಚು ತಂದಳು. “ದನ ಏನ್ ಮಾಡ್ದೊ, ಪಾಪ. ಬನ್ನಿ.”

ಅವಳಿಗೆ ದಾರಿ ಗೊತ್ತಿದೆ ಎಂದುಕೊಂಡಿದ್ದೆ. ಅರ್ಧ ಗಂಟೆಯಲ್ಲಿ ಅವಳೂ ನಿಂತಳು. “ಇಲ್ಲೊಂದು ಬೂರುಗದ ಮರ ಇತ್ತಲ್ಲ” ಎಂದಳು. ಮರ ಇರಲಿಲ್ಲ. ಎಲ್ಲಿ ನೋಡಿದರೂ ಲಂಟಾನ, ಒಂದೇ ಎತ್ತರ, ಒಂದೇ ಬಣ್ಣ. ಎರಡು ಕಡೆ ನುಗ್ಗಿ ಎರಡು ಕಡೆಯೂ ವಾಪಸಾದೆವು. ಬಿಸಿಲೇರುತ್ತಿತ್ತು. ನಾನು ಗಳಿಗೆಗೊಮ್ಮೆ ಪೆಟ್ಟಿಗೆ ಮುಟ್ಟಿ ನೋಡುತ್ತಿದ್ದೆ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಎಲ್ಲೋ ಕೊಂಬೆ ಮುರಿದದ್ದಕ್ಕೆ ರಾಚಯ್ಯ “ಆನೆ” ಎಂದ. “ಆನೆ ಆಗಿದ್ರ ದಾರೀನಾದ್ರೂ ಮಾಡದು, ಸುಮ್ನಿರಪ್ಪ” ಎಂದಳು ಚಿಕ್ಕತಾಯಮ್ಮ.

ಮಚ್ಚು ಕೆಳಗಿಟ್ಟು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಪೊದೆಯ ಬುಡದ ತರಗೆಲೆಯನ್ನು ಸರಿಸುತ್ತಾ ನಡೆದಳು. ಒಂದು ಕಡೆ ನಿಂತು, ಕಾಲನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿದಳು.

“ಡಾಕ್ಟ್ರೇ, ಇಲ್ಲಿ ಕೈಯಿಡಿ.”

ತರಗೆಲೆಯಡಿ ಕಲ್ಲು. ಸುತ್ತಲಿನ ಕಲ್ಲೆಲ್ಲ ಒರಟು, ಇದು ಮಾತ್ರ ರುಬ್ಬುವ ಒರಳಿನ ಒಳಮೈಯಷ್ಟು ನುಣುಪು, ನಡುವೆ ಸಣ್ಣ ತಗ್ಗು. ಅವಳ ಅಪ್ಪನ, ತಾತನ ಕಾಲದಿಂದ ಗೊರಸು ತುಳಿದು ಸವೆದದ್ದು. ಹನ್ನೆರಡು ವರ್ಷದ ಜಗಳ ಅದನ್ನು ಮುಚ್ಚಿತ್ತು, ಅಷ್ಟೆ. ಅಲ್ಲಿಂದ ಮುಂದೆ ಅವಳು ಪಾದದಿಂದ ಹುಡುಕುವುದು, ನಾವು ಮಚ್ಚಿನಿಂದ ಬಿಡಿಸುವುದು. ನುಣುಪು ಕಲ್ಲಿನಿಂದ ನುಣುಪು ಕಲ್ಲಿಗೆ ನಡೆದು, ಹನ್ನೊಂದರ ಹೊತ್ತಿಗೆ ಕಂಡಿ ಸೇರಿದೆವು. ಕೆಳಗೆ ಮೇಲ್ಕೆರೆ ತಟ್ಟೆಯಲ್ಲಿ ಉಳಿದ ನೀರಿನಂತೆ ಹೊಳೆಯುತ್ತಿತ್ತು. ಅದೇ ಹೊತ್ತಿಗೆ ನನ್ನ ಫೋನು ಟಿಂಗ್ ಎಂದಿತು. ಆ ಕಂಡಿಗೆ ತಮಿಳುನಾಡಿನ ಟವರ್ ಸಿಗುತ್ತದೆ. ಮ್ಯಾಪ್ ಡಾಕ್ಟರ ಸಂದೇಶ: “ಲೊಕೇಶನ್ ಕಳಿಸಿ.” ನಾವು ಮತ್ತೆ ಪಕ್ಕದ ರಾಜ್ಯಕ್ಕೆ ಇಳಿದಿಲ್ಲ ಎಂದು ಖಚಿತಪಡಿಸಿಕೊಳ್ಳಲು.

ಮಾದಯ್ಯ ದೊಡ್ಡಿಯ ಬಾಗಿಲಲ್ಲಿ ನಿಂತಿದ್ದ. ಗುಡ್ಡದ ಕಡೆಯಿಂದ ಮೂವರು ಇಳಿಯುವುದನ್ನು ಬಹಳ ಹೊತ್ತಿನಿಂದ ನೋಡಿರಬೇಕು. ಅಕ್ಕನನ್ನು ನೋಡಲಿಲ್ಲ, ನನ್ನನ್ನು ನೋಡಿದ.

“ಪುಸ್ತ್ಕ ಒಂದೇ ತಂದಿದ್ದೀರಾ, ಇಲ್ಲ ಸೂಜೀನೂ ತಂದಿದ್ದೀರಾ?”

“ಸೂಜಿ ತಂದಿದ್ದೇನೆ ಮಾದಯ್ಯ. ಹೋದ ಸಲ ಸುಳ್ಳು ಬರೆದೆ. ತಪ್ಪಾಯ್ತು.”

“ತಪ್ಪಾಯ್ತು ಅಂದ್ರ ಕರು ಎದ್ದು ಬತ್ತವಾ?”

ನಾನು ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದೆ. ಅವನು ಬೇಲಿಯ ಮುಳ್ಳು ಸರಿಸಿದ. “ಬನ್ನಿ. ಮದ್ದು ಬಿಸಿಯಾಯ್ತದ.”

ಮೇಲ್ಕೆರೆಯವು ಬರಗೂರು ದನಗಳು. ಕೆಂಪು ಮೈ, ಬಿಳಿ ಮಚ್ಚೆ, ಮನುಷ್ಯನನ್ನು ಕಂಡರೆ ಬೇಲಿ ಹಾರುವ ಜಾತಿ. ಹಿಡಿಯಲು ಅಕ್ಕ ತಮ್ಮ ಇಬ್ಬರೂ ಬೇಕಾಯಿತು. ಇಬ್ಬರ ನಡುವೆ ಒಂದು ಹಸುವಿನ ಅಗಲದ ದೂರ, ಮಾತು ಮಾತ್ರ ನನ್ನ ಮೂಲಕ.

“ಡಾಕ್ಟ್ರೇ, ಜೊತೇಲಿ ಬಂದೋರು ನೆಳ್ಳಾಗ ಕೂತ್ಕಳ್ಳಿ ಅನ್ನಿ.”

“ನಾನು ಕೂರಕ್ಕ ಬಂದಿಲ್ಲ ಅಂತ ಯೋಳಿ ಡಾಕ್ಟ್ರೇ.”

“ಆ ಮಚ್ಚೆ ಹಸು ಹಾಯ್ತದ, ಉಸಾರು ಅನ್ನಿ.”

“ಅದರ ಅಜ್ಜೀನ ನಾನೇ ಸಾಕಿದ್ದು ಅನ್ನಿ.”

ಒಂದು ಗಂಟೆ ಕಾಲ ನಾನು ಸೂಜಿ ಹಾಕುತ್ತಾ ಟೆಲಿಫೋನ್ ಕಂಬದ ಕೆಲಸವನ್ನೂ ಮಾಡಿದೆ. ಕೊನೆಗೆ ಉಳಿದದ್ದು ಹೋರಿ. ಅದರ ಕಣ್ಣು ನೋಡಿದಾಗಲೇ ರಾಚಯ್ಯ ಸಿರಿಂಜನ್ನು ನನ್ನ ಕೈಗೆ ಕೊಟ್ಟು ಮರದ ಕಡೆ ನಡೆದಿದ್ದ. ಮಾದಯ್ಯ ಹಗ್ಗ ಹಾಕಿದ, ಹೋರಿ ತಲೆ ಕೊಡವಿತು, ಹಗ್ಗ ಜಾರಿತು. ಅದು ನೇರವಾಗಿ ನನ್ನತ್ತ ತಿರುಗಿತು. ಮಾದಯ್ಯ ಬಾಲಕ್ಕೆ ಜೋತುಬಿದ್ದ. ಹೋರಿ ಅವನನ್ನೂ ಎಳೆದುಕೊಂಡೇ ಬರುತ್ತಿತ್ತು. ನನ್ನ ಬೆನ್ನ ಹಿಂದೆ ಬೇಲಿಯ ಮುಳ್ಳು. ಆಗ ಒಂದು ಕೂಗು ಗುಡ್ಡಕ್ಕೆ ಬಡಿದು ವಾಪಸಾಯಿತು.

“ಲೇ ಮಾದಾ! ಬಾಲ ಬುಟ್ಟು ಮೂಗುದಾರ ಇಡಿಯೋ ಬಡ್ಡೆತ್ತದ್ದೇ!”

“ಇಡೀತೀನಿ ಕಣಕ್ಕ, ಕೂಗ್ಬೇಡ!”

ಅವನು ಹಾರಿ ಮೂಗುದಾರ ಹಿಡಿದ. ಅವಳು ಕೊಂಬು ಹಿಡಿದು ಹೋರಿಯ ತಲೆಯನ್ನು ತನ್ನ ತೊಡೆಗೆ ಒತ್ತಿಕೊಂಡಳು. ನಾನು ಚುಚ್ಚಿದೆ. ಆತುರದಲ್ಲಿ ಸೂಜಿ ಅಲುಗಾಡಿದ್ದರಿಂದ ಹೋರಿಗೆ ಒಂದು ಸೂಜಿಯಲ್ಲಿ ನಾಲ್ಕು ಸೂಜಿಯ ಅನುಭವವಾಗಿರಬೇಕು.

ಬಿಟ್ಟ ಮೇಲೆ ಇಬ್ಬರೂ ಏದುಸಿರು ಬಿಡುತ್ತಾ ಬೇಲಿಗೊರಗಿ ಕೂತರು. ಯಾರೂ ನನ್ನ ಮೂಲಕ ಏನನ್ನೂ ಹೇಳಿ ಕಳಿಸಲಿಲ್ಲ. ಮಾದಯ್ಯ ನೆಲ ನೋಡುತ್ತಾ ಅಕ್ಕನನ್ನೇ ಕೇಳಿದ:

“ಆ ಕರು ಎಂಗದ?”

“ಕರುವಾ? ಈಗ ಅದೇ ಏಳು ಕರು ಆಕದ.”

ಗಾಡಿಜಾಡಿನಲ್ಲಿ ಇಳಿದು ಮಾರ್ಟಳ್ಳಿ ಕಡೆಯಿಂದ ಬಂದ ಸಂಜೆಯ ಬಸ್ಸು ಹಿಡಿದಾಗ ಪೆಟ್ಟಿಗೆಯಲ್ಲಿ ಒಂದು ಐಸ್ ಪ್ಯಾಕ್ ಇನ್ನೂ ಗಟ್ಟಿಯಾಗಿತ್ತು. ರಾಚಯ್ಯ ಅದನ್ನು ತೆಗೆದು ಮೊಣಕಾಲಿಗೆ ಇಟ್ಟುಕೊಂಡ. ಆ ವರ್ಷ ತಮಿಳುನಾಡಿನ ಕಣಿವೆಯಿಂದ ರೋಗ ಗುಡ್ಡ ದಾಟಿ ಬಂತು. ಮೇಲ್ಕೆರೆಯಲ್ಲಿ ಎರಡು ದನ ಮೂರು ದಿನ ಮೇವು ಬಿಟ್ಟವು, ಕರು ಒಂದೂ ಸಾಯಲಿಲ್ಲ. ಪುಸ್ತಕದ ಹಳೆಯ ಪುಟಗಳಲ್ಲಿ ನಾನು ಬರೆದಿದ್ದ ಮೂರು ಸುತ್ತಿಗೂ ಮ್ಯಾಪ್ ಡಾಕ್ಟರ ಎದುರು ಅಡ್ಡಗೆರೆ ಎಳೆದು ಸಹಿ ಹಾಕಿದೆ. ಅದಕ್ಕೆ ನೋಟೀಸು ಬಂತು, ಉತ್ತರ ಕೊಟ್ಟೆ, ಒಂದು ವರ್ಷದ ವೇತನ ಬಡ್ತಿ ನಿಂತಿತು. ಅದನ್ನು ಕಡಿಮೆ ಶಿಕ್ಷೆ ಎಂದೇ ತಿಳಿದಿದ್ದೇನೆ.

ಮ್ಯಾಪ್ ಡಾಕ್ಟರು ಈ ಸುತ್ತುದಾರಿಯನ್ನು ಜಿಲ್ಲೆಯ ಸಭೆಯಲ್ಲಿ ಪರದೆಯ ಮೇಲೆ ತೋರಿಸಿದರು. ಅಲ್ಲಿದ್ದದ್ದು ಅದೇ ನೆಟ್ಟಗಿನ ಕೆಂಪು ಗೆರೆ. ಚಪ್ಪಾಳೆ ಬಿತ್ತು. ಹೊರಗೆ ಬಂದು ಕೇಳಿದೆ, “ಸಾರ್, ದಾರಿ ಹಾಗಿಲ್ಲವಲ್ಲ?”

“ಗೊತ್ತು ಸಿದ್ದರಾಜು. ಸೊಟ್ಟ ಗೆರೆ ತೋರಿಸಿದರೆ ನೂರು ಪ್ರಶ್ನೆ ಕೇಳ್ತಾರೆ.”

ಅವರಿಗೆ ವರ್ಗವಾಯಿತು. ರಾಚಯ್ಯ ನಿವೃತ್ತನಾದ, ಎರಡು ವರ್ಷದ ಮೇಲೆ ನಾನೂ ಆದೆ. ಆ ಸುತ್ತನ್ನು ನಾನು ಒಟ್ಟು ಒಂಬತ್ತು ಸಲ ನಡೆದಿದ್ದೇನೆ. ನನ್ನ ಜಾಗಕ್ಕೆ ಬಂದವಳು ಶ್ವೇತಾ, ಚಾಮರಾಜನಗರದ ಕಡೆಯ ಹುಡುಗಿ, ನನ್ನ ಅರ್ಧ ತೂಕ, ನನ್ನ ಎರಡು ಪಟ್ಟು ಧೈರ್ಯ. ಈಗ ಪುಸ್ತಕ ಇಲ್ಲ. ದನದ ಕಿವಿಗೆ ಹಳದಿ ಬಿಲ್ಲೆ, ಅದರ ಸಂಖ್ಯೆ ಫೋನಿಗೆ. ಜಗಲಿಯ ಮೇಲೆ ಕೂತು ಹಾಕಲು ಸ್ವಲ್ಪ ಕಷ್ಟವಾಗಿದೆ, ಆದರೆ ಅಸಾಧ್ಯವೆಂದು ನಾನು ಹೇಳಲಾರೆ. ದಾರಿಯನ್ನು ನಾನು ಅವಳಿಗೆ ಮೂರು ಹಾಳೆಯಲ್ಲಿ ಬರೆದುಕೊಟ್ಟೆ. ಅವಳು ಒಮ್ಮೆ ನಡೆದು, ಅದರ ಎಲ್ಲ ಸೊಟ್ಟನ್ನೂ ಫೋನಿನಲ್ಲಿ ಇದ್ದ ಹಾಗೇ ಗುರುತು ಹಾಕಿಕೊಂಡಳು.

ಹೋದ ತಿಂಗಳು ಬೆಳಿಗ್ಗೆ ಯಳಂದೂರಿನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವಳ ಫೋನು ಬಂತು. ಗಾಳಿಯ ಸದ್ದಿನ ಹಿಂದೆ ಯಾರೋ ಜೋರಾಗಿ ಕೂಗಾಡುತ್ತಿದ್ದರು.

“ಸಾ, ಮೇಲ್ಕೆರೆ ಕಂಡೀಲಿ ಇದ್ದೀನಿ. ದಾರಿ ಏನೋ ಗಾಡಿ ಓಡಂಗ ಅಗಲಾಗದ. ಆದ್ರ ಇಲ್ಲಿ ಒಬ್ಬಜ್ಜಿ, ಒಬ್ಬಜ್ಜ ನಿಂತ್ಕಂಡು ಒಂದೇ ಸಮ ಜಗಳ ಆಡ್ತಾವ್ರೆ.”

“ಏನಂತೆ?”

“ಈ ಸಲ ಲಂಟಾನ ಕಡಿಯೋ ಸರದಿ ಯಾರ್ದು ಅಂತ. ಅಜ್ಜಿ ಮಚ್ಚು ಬೇರೆ ಇಡ್ಕಂಡವ್ರೆ. ಬಿಡಿಸ್ಲಾ ಸಾ?”

“ಬೇಡಮ್ಮ, ಬಿಡಿಸಬೇಡ. ಅವರು ಬೈದಾಡಿಕೊಳ್ಳಲಿ” ಎಂದೆ. “ನೀನು ಕೆಳಗಿಳಿದು ಹೋರಿಯಿಂದ ಶುರುಮಾಡು, ಇಬ್ಬರೂ ಓಡಿ ಬರ್ತಾರೆ.”